ಗೋಡೆ ದಾಟಿದ ಹೀರೇಬಳ್ಳಿ

ನಮ್ಮೂರಲ್ಲಿ ಹಿತ್ತಲಿಗೆ ನೀರು ಎಷ್ಟು ಮುಖ್ಯವೋ ನೆರೆಯವರ ಹೊಟ್ಟೆಕಿಚ್ಚೂ ಅಷ್ಟೇ ಮುಖ್ಯ. ನೀರನ್ನಾದರೆ ಬಾವಿಯಿಂದ ಸೇದಬಹುದು, ಹೊಟ್ಟೆಕಿಚ್ಚನ್ನು ಎಲ್ಲಿಂದ ಸೇದುತ್ತೀರಿ? ಅದಕ್ಕೇ ಇಲ್ಲಿ ಹಿತ್ತಲ ಗೋಡೆಗಳು ಎದೆಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ನಿಮ್ಮ ಗಿಡ ಕಂಡು ಇನ್ನೊಬ್ಬರ ಹೊಟ್ಟೆ ಉರಿದರೆ ಆ ಗಿಡ ಎಂಥ ಬಿಸಿಲಲ್ಲೂ ಚಿಗುರುತ್ತದೆ. ಹೊಗಳಿದರೆ ಏನೂ ಆಗುವುದಿಲ್ಲ. 'ಪಾಪ' ಎಂದರೆ ಮಾತ್ರ ನಿಂತಲ್ಲೇ ಬಾಡುತ್ತದೆ. ಆದ್ದರಿಂದ ಆ ಒಂದು ಮಾತನ್ನು ನಾವು ತಲೆಬಾಗಿಲಲ್ಲೇ ಬಿಟ್ಟು ಹಿತ್ತಲಿಗೆ ಬರುತ್ತೇವೆ. ಒಮ್ಮೆ ಎಲ್ಲಿಂದಲೋ ಬಂದು ನೆಲೆಸಿದವರೊಬ್ಬರು ಬೆಂಡೆ ಮಡಿಗೆ ದೃಷ್ಟಿಯಾಗದಿರಲೆಂದು ಸುಣ್ಣದ ಚುಕ್ಕೆಯಿಟ್ಟ ಕರೀ ಗಡಿಗೆಯನ್ನು ಕೋಲಿಗೆ ಸಿಕ್ಕಿಸಿ ನಿಲ್ಲಿಸಿದ್ದರು. ಬೆಂಡೆ ಒಣಗಿ ಕಟ್ಟಿಗೆಯಾಯಿತು. ಗಡಿಗೆ ಇಳಿಸಿ, ಗೋಡೆಯ ಮೇಲಿನ ಸಾಲು ಕಲ್ಲು ಕೀಳಿಸಿದ ಮೇಲೆ ಅವರೂ ಊರಿನವರಾದರು.

ನನ್ನ ಹೆಸರು ನಿಂಬೆವ್ವ. ಈ ಊರಲ್ಲಿ ನನ್ನಷ್ಟು ಚೊಕ್ಕವಾಗಿ ಹೊಟ್ಟೆ ಉರಿದುಕೊಳ್ಳುವವರು ಇನ್ನೊಬ್ಬರಿಲ್ಲ. ಜಂಬದ ಮಾತಲ್ಲ, ಯಾರನ್ನಾದರೂ ಕೇಳಿ. ಯುಗಾದಿ ಮುಗಿದು ಬಿಸಿಲು ನೆತ್ತಿ ಸುಡತೊಡಗಿತೆಂದರೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ನನ್ನನ್ನು ಚಹಾಕ್ಕೆ ಕರೆಯುತ್ತಾರೆ. ಚಹಾ ಬರೀ ನೆಪ. ಕಪ್ಪು ಕೈಗೆ ಬಂದ ಕೂಡಲೇ ಹಿತ್ತಲಲ್ಲಿ ಗಾಳಿಯಿದೆ, ಅಲ್ಲೇ ಕೂರೋಣ ಎನ್ನುತ್ತಾರೆ. ಆ ಸುಡುಬಿಸಿಲಲ್ಲಿ ಗಾಳಿ ಎಲ್ಲಿಂದ ಬರಬೇಕು? ಕಬ್ಬಿನ ಒಣಗರಿಯ ರವದಿ ಹೊದಿಸಿದ ಮಡಿಯಲ್ಲಿ ನಾಲ್ಕು ಬದನೆಗಿಡ ಎಲೆ ಜೋಲು ಬಿಟ್ಟು ನಿಂತಿರುತ್ತವೆ. ನಾನು ಅವನ್ನು ದಿಟ್ಟಿಸುತ್ತೇನೆ. ಈ ಬದನೆ ಬಲಿತರೆ ಇವಳು ಎಣ್ಣೆಗಾಯಿ ಮಾಡುತ್ತಾಳೆ, ಇವಳ ಗಂಡ ಇನ್ನೊಂದು ರೊಟ್ಟಿಗೆ ಕೈ ಚಾಚುತ್ತಾನೆ, ಇವಳು ಸೆರಗಿನಿಂದ ಬೆವರು ಒರೆಸಿಕೊಂಡು ಒಳಗೊಳಗೇ ನಗುತ್ತಾಳೆ ಎಂದುಕೊಳ್ಳುತ್ತೇನೆ. ಅಷ್ಟು ಸಾಕು, ಹೊಟ್ಟೆಯಲ್ಲಿ ಬೆಂಕಿ ಹತ್ತುತ್ತದೆ. ಮರುದಿನ ಹೊತ್ತೇರುವುದರೊಳಗೆ ಬದನೆ ನೆಟ್ಟಗೆ ನಿಂತಿರುತ್ತದೆ. ಕಾಯಿ ಕೊಯ್ದ ದಿನ ಬುಟ್ಟಿ ತುಂಬ ಕಾಯಿಪಲ್ಯ ನನ್ನ ಮನೆಗೆ ಬರುತ್ತದೆ. ಗಂಡ ಹೋದ ಮೇಲೆ ನಾನೂ ಮಗಳೂ ಉಂಡದ್ದೆಲ್ಲ ಹೀಗೆ ಬಂದದ್ದೇ.

ನನ್ನ ಸ್ವಂತ ಹಿತ್ತಲ ಕಥೆ ಬೇರೆ. ಗಂಡ ತೀರಿಕೊಂಡಾಗ ಮಾತಾಡಿಸಲು ಬಂದವರೆಲ್ಲ ಹಿಂಬಾಗಿಲಿನವರೆಗೂ 'ಪಾಪ, ಪಾಪ' ಎನ್ನುತ್ತಲೇ ಬಂದರು. ಅವರದ್ದು ತಪ್ಪಲ್ಲ, ಸಾವಿನ ಮನೆಯಲ್ಲಿ ಬಾಯಿ ತಪ್ಪುತ್ತದೆ. ಅಂದು ಒಣಗಿದ ಸೌತೆಬಳ್ಳಿಯ ಹಿಂದೆಯೇ ಚವಳಿಕಾಯಿ ಗಿಡ ಹೋಯಿತು, ಪುಂಡಿ ಸೊಪ್ಪು ಹೋಯಿತು. ಆಮೇಲೆ ನಾನು ಏನು ಹಾಕಿದರೂ ಜನ ಗೋಡೆಯಾಚೆ ನಿಂತು ತುಟಿ ಬಿಚ್ಚದೆ ಮನಸ್ಸಿನಲ್ಲೇ ಮರುಗುತ್ತಿದ್ದರು, ನನ್ನ ಸಸಿ ಎರಡೆಲೆಗೇ ಸುರುಟಿಕೊಳ್ಳುತ್ತಿತ್ತು. ಊರಿನ ಹಿತ್ತಲುಗಳನ್ನೆಲ್ಲ ಹಸಿರು ಮಾಡುವವಳ ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗ ಬಿಟ್ಟರೆ ಮತ್ತೇನೂ ಇರಲಿಲ್ಲ.

ನನ್ನ ಗೋಡೆಗೆ ಹತ್ತಿದ ಮನೆ ಕಸ್ತೂರವ್ವನದು. ಅವಳ ಹಿತ್ತಲಿನ ಮೇಲೆ ಉರಿದಷ್ಟು ನಾನು ಯಾರ ಮೇಲೂ ಉರಿದಿಲ್ಲ. ಅವಳ ಹೀರೇಚಪ್ಪರ ಬೇಸಿಗೆಯ ನಡುವಿನಲ್ಲೂ ಕತ್ತಲೆಗಟ್ಟುವಷ್ಟು ದಟ್ಟ. ಅವಳಿಗೆ ಗಂಡನಿದ್ದ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು. ಆ ಮನೆಯಲ್ಲಿ ಒಂದು ದಿನವೂ ಏರಿದ ದನಿ ಕೇಳಿದವರಿಲ್ಲ. ಸೊಸೆಯಂದಿರು 'ಅತ್ತೀ, ಊಟಕ್ಕ ಬರ್ರಿ' ಎಂದು ಕರೆಯುವುದೂ ಮೆಲ್ಲಗೆ. ಕಸ್ತೂರವ್ವ ನನ್ನನ್ನು ಮಾತಾಡಿಸುವುದೂ 'ನಿಂಬೆವ್ವಾರ' ಎಂದೇ, ಬಹುವಚನ ತಪ್ಪಿದ್ದಿಲ್ಲ. ಇಬ್ಬರದೂ ಒಂದೇ ವಾರಿಗೆಯ ವಯಸ್ಸು, ಒಂದೇ ಬಾವಿಯ ನೀರು, ಆದರೂ 'ರೀ' ಹಚ್ಚದೆ ಅವಳ ಬಾಯಿ ಮುಚ್ಚುತ್ತಿರಲಿಲ್ಲ. ಹೀರೇಕಾಯಿ ಕೊಯ್ದ ದಿನ ಗೋಡೆಯ ಮೇಲೆ ನನ್ನ ಪಾಲು ಇಟ್ಟು, ಇದು ನಿಮ್ಮ ಕಣ್ಣಿನ ಪುಣ್ಯ ಎಂದು ನಗುತ್ತಿದ್ದಳು. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿ. ಇನ್ನೊಂದು ವಿಷಯವೆಂದರೆ, ಕಸ್ತೂರವ್ವನಿಗೆ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ. ಅವಳ ಕಣ್ಣಿನಿಂದ ಓಣಿಯಲ್ಲಿ ಒಂದು ಕೊತ್ತಂಬರಿ ಕಡ್ಡಿಯೂ ಚಿಗುರಿದ್ದಿಲ್ಲ. ಊರ ಕಡೆಯಿಂದ ನೋಡಿದರೆ ಅದೊಂದು ಊನವೇ, ಆದರೆ ಅದನ್ನೂ ಎಲ್ಲರೂ ಅವಳ ದೊಡ್ಡತನವೆಂದೇ ಎಣಿಸಿದ್ದರು.

ಈ ಬೇಸಿಗೆಯ ಮೊದಲಿಗೆ ಗಂಡನ ಮನೆಯಿಂದ ನನ್ನ ಮಗಳು ಸುವ್ವಿ ಫೋನು ಮಾಡಿದಳು. ಮೊದಲ ಬಸಿರು. ಬಯಕೆಯ ಊಟಕ್ಕೆ ತವರಿಗೆ ಬರುವವಳಿದ್ದಳು. ಏನು ಬೇಕವ್ವ, ಹೋಳಿಗೆಯೋ ಕಡಬೋ ಎಂದು ಕೇಳಿದೆ. ಅವಳು ಹೇಳಿದಳು, "ಯವ್ವಾ, ನಮ್ಮ ಹಿತ್ತಲದ್ದ ಹೀರಿಕಾಯಿ ಪಲ್ಯ ಬೇಕು. ತಿಳುವಳಿಕಿ ಬಂದಾಗಿಂದ ಮಂದಿ ಹಿತ್ತಲದ್ದ ತಿಂದೀನಿ. ಒಂದ ಸಲ ನಮ್ಮದು ತಿನಸು."

ಹೂಂ ಎಂದುಬಿಟ್ಟೆ. ಬಸುರಿಯ ಬಯಕೆಗೆ ಇಲ್ಲವೆನ್ನಲಾಗುತ್ತದೆಯೇ? ಫೋನು ಇಟ್ಟ ಮೇಲೆ ಹಿತ್ತಲಿಗೆ ಹೋಗಿ ಆ ಬೋಳು ನೆಲವನ್ನು ನೋಡುತ್ತ ನಿಂತೆ. ಗೋಡೆಯಾಚೆ ಕಸ್ತೂರವ್ವನ ಚಪ್ಪರದಲ್ಲಿ ಸಂಜೆಯ ಹಳದಿ ಹೂ ಬಿರಿಯುತ್ತಿದ್ದವು. ಅಳು ಬಂತು, ಅಳುವಿಗಿಂತ ಮೊದಲು ಸಿಟ್ಟು ಬಂತು.

ಗುಣಿ ತೆಗೆದೆ, ಕೊಟ್ಟಿಗೆ ಗೊಬ್ಬರ ತುಂಬಿದೆ, ಬಚ್ಚಲ ನೀರಿಗೆ ಕಾಲುವೆ ಮಾಡಿದೆ. ಮೊದಲು ಊರಿದ ಬೀಜವನ್ನು ಇರುವೆ ಎಳೆದವು. ಎರಡನೆಯ ಸಲ ಬೂದಿಯ ಗೆರೆ ಹಾಕಿ ಊರಿದೆ, ಮೊಳೆಯಿತು. ಮಧ್ಯಾಹ್ನ ಗೋಣಿತಟ್ಟಿನ ನೆರಳು ಕಟ್ಟುತ್ತಿದ್ದೆ, ಸಂಜೆ ಬಿಚ್ಚುತ್ತಿದ್ದೆ. ಆದರೆ ಇದೆಲ್ಲ ನೀರಿನ ಕೆಲಸ, ನಿಜವಾದ ಕೆಲಸ ಉಳಿದೇ ಇತ್ತು. ಯಾರಾದರೂ ನನ್ನ ಮೇಲೆ ಹೊಟ್ಟೆಕಿಚ್ಚು ಪಡಬೇಕಿತ್ತು. ಜನ್ಮದಲ್ಲಿ ಮೊದಲ ಬಾರಿಗೆ ಓಣಿಯ ಹೆಂಗಸರನ್ನು ನಾನೇ ಚಹಾಕ್ಕೆ ಕರೆದೆ. ಮದುವೆಯ ಇಲಕಲ್ ಸೀರೆ ಉಟ್ಟೆ, ಶೇಂಗಾ ಹೋಳಿಗೆ ಮಾಡಿದೆ, ಮಗಳ ಗಂಡ ತಂದುಕೊಟ್ಟ ಹೊಸ ಫ್ಯಾನು ಹಚ್ಚಿದೆ, ಅಳಿಯನ ಗುಣಗಾನವನ್ನು ಇದ್ದದ್ದಕ್ಕೆ ಇಲ್ಲದ್ದು ಸೇರಿಸಿ ಮಾಡಿದೆ. ಎಲ್ಲರೂ ಚೆನ್ನಾಗಿ ತಿಂದರು. ಆಮೇಲೆ ಹಿತ್ತಲಿಗೆ ಕರೆದೊಯ್ದೆ. ಅವರು ನನ್ನ ಗೇಣುದ್ದದ ಬಳ್ಳಿಯನ್ನೂ ನನ್ನ ಜರಿಯ ಸೀರೆಯನ್ನೂ ಒಮ್ಮೆ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂಲೆಮನೆಯ ಮುದುಕಿಯ ಬಾಯಿಂದ ಮಾತು ಜಾರಿಯೇಹೋಯಿತು. "ಪಾಪ, ಒಬ್ಬಾಕಿನ ಎಷ್ಟ್ ಬಡದಾಡ್ತಾಳ."

ಎಲ್ಲರನ್ನೂ ಹೊರಗಟ್ಟಿ ಬಾಗಿಲು ಹಾಕಿದೆ. ಬಂದು ನೋಡಿದರೆ ಎಲೆಗಳ ಅಂಚು ಒಳಗೆ ಸುರುಟಿತ್ತು. ತಿಂದ ಹೋಳಿಗೆಯನ್ನು ಅವರಿಂದ ಕಕ್ಕಿಸಬೇಕೆನ್ನುವಷ್ಟು ಕೋಪ ಬಂತು ನನಗೆ.

ಸುವ್ವಿ ಬಂದಾಗ ಬಳ್ಳಿ ಸತ್ತೂ ಇರಲಿಲ್ಲ, ಬದುಕಿಯೂ ಇರಲಿಲ್ಲ. ಅವಳು ಚೀಲ ಇಳಿಸಿ ನೇರ ಹಿತ್ತಲಿಗೆ ಹೋದಳು. ತೊಗರಿ ಕಟ್ಟಿಗೆ ಇಷ್ಟು ದೂರ ನೆಟ್ಟರೆ ಬಳ್ಳಿ ಹಬ್ಬುವುದು ಹೇಗೆ ಎಂದಳು. ನೀನು ನಿನ್ನೆ ಹುಟ್ಟಿದವಳು, ನನಗೆ ಹೇಳಬೇಡ ಎಂದೆ. ಮಜ್ಜಿಗೆ ಚಿಮುಕಿಸಬೇಕೆಂದು ಅವಳು, ಬೇವಿನ ನೀರೇ ಸಾಕೆಂದು ನಾನು. ಅಲ್ಲಿಂದ ಜಗಳ ಸಾರಿನ ಉಪ್ಪಿಗೆ ಹೋಯಿತು, ಅವಳು ಮಲಗುವ ಹೊತ್ತಿಗೆ ಹೋಯಿತು, ಅವಳು ಚಿಕ್ಕವಳಿದ್ದಾಗ ನಾನು ಕೊಡಿಸದೆ ಬಿಟ್ಟ ಹಸಿರು ಬಳೆಯವರೆಗೂ ಹೋಗಿ ಬಂತು. ಅವಳ ಗಂಟಲು ನನ್ನದಕ್ಕಿಂತ ದೊಡ್ಡದು. ನಡುವೆ ಇಬ್ಬರಿಗೂ ನಗು ಬರುತ್ತಿತ್ತು, ನೀರು ಕುಡಿದು ಮತ್ತೆ ಮುಂದುವರಿಸುತ್ತಿದ್ದೆವು. ನಮ್ಮ ಮನೆಯಲ್ಲಿ ಪ್ರೀತಿ ಅಂದರೆ ಅದೇ, ಬೇರೆ ರೀತಿ ನಮಗೆ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಬಳ್ಳಿ ತಲೆಯೆತ್ತಿತ್ತು. ಅದರ ಮರುದಿನ ಕಟ್ಟಿಗೆಯನ್ನು ಸುತ್ತಿ ಮೇಲೇರಿತ್ತು. ನನಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು. ಯಾರ ಕಣ್ಣು ಇದು? ಸಂಜೆ ಸುವ್ವಿಯೂ ನಾನೂ ಮಡಿಯ ಬಳಿ ಏನೋ ಕಿತ್ತಾಡುತ್ತಿದ್ದಾಗ ತಿರುಗಿ ನೋಡಿದೆ. ಗೋಡೆಯಾಚೆ ಕಸ್ತೂರವ್ವ ಖಾಲಿ ಕೊಡ ಹಿಡಿದು ನಿಂತಿದ್ದಳು. ಅವಳು ಬಳ್ಳಿಯನ್ನು ನೋಡುತ್ತಿರಲಿಲ್ಲ, ನಮ್ಮ ಬಾಯಿಯನ್ನು ನೋಡುತ್ತಿದ್ದಳು. ಒಳಗಿನಿಂದ ಸೊಸೆ ಮೆಲ್ಲಗೆ ಊಟಕ್ಕೆ ಕರೆದಳು. ಸ್ವಲ್ಪ ತಡಿಯವಾ ಎಂದು ಕಸ್ತೂರವ್ವ ಅಲ್ಲೇ ನಿಂತಳು. ಆ ಮುಖವನ್ನು ನಾನು ಗುರುತು ಹಿಡಿಯದೆ ಇರುವೆನೇ? ಬದನೆಗಿಡದ ಮುಂದೆ ಕೂತಾಗ ನನ್ನ ಮುಖ ಹಾಗೇ ಇರುತ್ತದೆ.

ಕಸ್ತೂರವ್ವ ನನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದಳು. ಅಂದು ರಾತ್ರಿ ರೊಟ್ಟಿ ತಟ್ಟುತ್ತ ಅದನ್ನೇ ಮತ್ತೆ ಮತ್ತೆ ಅಂದುಕೊಂಡೆ, ಅಂದುಕೊಂಡಾಗಲೆಲ್ಲ ಹಿಟ್ಟು ಕೈಯಲ್ಲಿ ತಾನೇ ತಿರುಗಿತು. ಆದರೆ ಆ ಸುಖಕ್ಕೊಂದು ಕೇಡು ಅಂಟಿಕೊಂಡೇ ಬಂತು. ಮರುದಿನ ಅವಳ ಚಪ್ಪರ ನೋಡಿದೆ, ನನ್ನ ಹೊಟ್ಟೆ ತಣ್ಣಗಿತ್ತು. ಓಣಿಯಲ್ಲಿ ಚಹಾಕ್ಕೆ ಹೋಗಿ ಬದನೆಯನ್ನು ನೋಡಿದೆ, ಏನೂ ಆಗಲಿಲ್ಲ, ಚಹಾ ಮಾತ್ರ ರುಚಿಯೆನಿಸಿತು. ಬದನೆಯ ಹೂ ಉದುರಿದವು, ಕಸ್ತೂರವ್ವನ ಬಳ್ಳಿಯ ಕುಡಿಗಳು ಬಿಸಿಲಿಗೆ ಕರಟಿದವು. ಓಣಿಯವರು ನನ್ನ ಆರೋಗ್ಯ ವಿಚಾರಿಸತೊಡಗಿದರು. ನನ್ನ ಬಳ್ಳಿಯಲ್ಲಿ ಮಾತ್ರ ಗಂಡು ಹೂಗಳ ನಡುವೆ ಒಂದು ಹೆಣ್ಣು ಹೂ, ಬುಡದಲ್ಲಿ ಬೆರಳುದ್ದದ ಕಾಯಿ ಹೊತ್ತುಕೊಂಡು, ಬಂತು.

ಅದನ್ನು ಕಂಡ ದಿನದಿಂದ ನನಗೆ ಭಯ ಹತ್ತಿತು. ಊಟದ ದಿನದವರೆಗೆ ಕಸ್ತೂರವ್ವನ ಉರಿ ಆರಬಾರದು. ಸುವ್ವಿಗೆ ಗುಟ್ಟು ಹೇಳಿದೆ. ಇಬ್ಬರೂ ಗೋಡೆಯ ಬಳಿ ನಿಂತು ಬೇಕೆಂದೇ ಜಗಳ ಹೂಡಿದೆವು. ನಾನು ಅಂದದ್ದಕ್ಕೆ ಅವಳು, ಅವಳು ಅಂದದ್ದಕ್ಕೆ ನಾನು, ಎಲ್ಲ ಸರಿಯಾಗಿಯೇ ಇತ್ತು, ಆದರೆ ಕಸ್ತೂರವ್ವ ನೀರಿನ ಕೊಡ ಎತ್ತಿಕೊಂಡು ಒಳಗೆ ಹೋದಳು, ಸಂಜೆಗೆ ಬಳ್ಳಿಯ ತುದಿ ಬಾಗಿತು. ನಿನಗೆ ನಾಟಕ ಬರುವುದಿಲ್ಲ ಎಂದಳು ಸುವ್ವಿ. ನಿನ್ನಿಂದಲೇ ಕೆಟ್ಟಿತು ಎಂದೆ. ಅಲ್ಲಿಂದ ಹೊತ್ತಿಕೊಂಡದ್ದು ನಿಜವಾದ ಜಗಳ, ಕಸ್ತೂರವ್ವ ಮತ್ತೆ ಗೋಡೆಗೆ ಬಂದು ನಿಂತದ್ದನ್ನೂ ನಾವು ಲೆಕ್ಕಿಸಲಿಲ್ಲ. ಅವಳು ಸಿಟ್ಟಿನ ಭರದಲ್ಲಿ, ತಾನು ಕಸ್ತೂರತ್ತೆಯ ಹೊಟ್ಟೆಯಲ್ಲಿ ಹುಟ್ಟಬೇಕಿತ್ತು ಎಂದುಬಿಟ್ಟಳು.

ಆ ಮಾತು ನನಗೆ ನಾಟಿತು. ಹೆತ್ತವಳಿಗೆ ಹೇಳುವ ಮಾತೇ ಅದು? ಕಸ್ತೂರವ್ವನ ಮೇಲಿದ್ದ ಹಳೆಯ ಉರಿ ಎಲ್ಲಿತ್ತೋ ಅಲ್ಲಿಂದ ಎದ್ದು ಎದೆಯವರೆಗೆ ಬಂತು. ಬೆಳಗಾಗುವಷ್ಟರಲ್ಲಿ ಅವಳ ಚಪ್ಪರ ಮತ್ತೆ ಹಸಿರಾಗಿತ್ತು. ನನ್ನ ಕಾಯಿ ಮೊಳಕೈಯುದ್ದ ಬೆಳೆದಿತ್ತು. ಗೋಡೆಯ ಎರಡೂ ಕಡೆ ಒಂದೇ ಬೆಂಕಿ ಉರಿಯುತ್ತಿದೆಯೆಂದು ಆಗ ತಿಳಿಯಿತು.

ಬಯಕೆಯ ಊಟದ ದಿನ ಉಡಿ ತುಂಬಲು ಮುತ್ತೈದೆ ಬೇಕಿತ್ತು. ನಾನು ವಿಧವೆ, ಕೈಹಾಕುವಂತಿಲ್ಲವೆಂದು ಹಿರಿಯರು ಅಂದರು. ಕಸ್ತೂರವ್ವನನ್ನೇ ಕರೆಯಬೇಕಾಯಿತು. ನಾನು ಹೆತ್ತ ಮಗಳಿಗೆ ಹಸಿರು ಸೀರೆ ಹೊದಿಸಿ, ಮಡಿಲಿಗೆ ಅಕ್ಕಿ, ಕೊಬ್ಬರಿ ಹಾಕುತ್ತಿದ್ದ ಆ ಕೈಗಳನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ನನ್ನೊಳಗೆ ಆದದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆ ಹೊತ್ತಿಗೆ ಗೋಡೆಯಾಚೆ ಅವಳ ಚಪ್ಪರದಲ್ಲಿ ಹೂ ಬಿರಿದಿದ್ದರೆ ಅಚ್ಚರಿಯೇನಿಲ್ಲ.

ನನ್ನ ಒಂದೇ ಹೀರೇಕಾಯಿಯನ್ನು ಬೆಳಿಗ್ಗೆ ನಾನೇ ಕೊಯ್ದಿದ್ದೆ. ಹೀರೇಕಾಯಿ ಹೆಚ್ಚುವಾಗ ತೊಟ್ಟಿನ ಕಡೆಯ ಚೂರು ನಾಲಿಗೆಗೆ ಹಚ್ಚಿ ನೋಡುವುದು ನಮ್ಮಲ್ಲಿ ಕೂಸಿಗೂ ಗೊತ್ತು. ನಾನು ನೋಡಲಿಲ್ಲ. ನನ್ನ ಹಿತ್ತಲ ಮೊದಲ ಕಾಯಿಯ ಮೊದಲ ರುಚಿ ಮಗಳ ಬಾಯಿಗೇ ಹೋಗಲೆಂಬ ಆಸೆ. ಹೆಸರುಬೇಳೆ ಹಾಕಿ, ಹಸಿ ಕೊಬ್ಬರಿ ತುರಿದು, ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿ ಪಲ್ಯ ಮಾಡಿದೆ. ಎಲೆಯ ಮೇಲೆ ಮೊದಲು ಸುವ್ವಿಗೆ ಬಡಿಸಿದೆ, ಅವಳ ಪಕ್ಕ ಕೂತಿದ್ದ ಕಸ್ತೂರವ್ವನಿಗೂ ಒಂದು ಸೌಟು ಹಾಕಿದೆ. ಅವಳಿಗೆ ಬಡಿಸುವಾಗ ನನ್ನ ಕೈ ಜಂಬಕ್ಕೆ ಸ್ವಲ್ಪ ಮೇಲಕ್ಕೇ ಎದ್ದಿತ್ತು ಅನ್ನಬೇಕು.

ಕಸ್ತೂರವ್ವ ತುತ್ತು ಬಾಯಿಗಿಟ್ಟು, ನುಂಗಿ, ಭಾಳ ರುಚಿ ಆಗೇತ್ರಿ ಎಂದಳು. ಸುವ್ವಿ ತುತ್ತು ಬಾಯಿಗಿಟ್ಟವಳೇ ಎಲೆಯ ಅಂಚಿಗೆ ಉಗುಳಿದಳು.

"ಥೂ, ಯವ್ವಾ, ವಿಷದಂಗ ಕಹಿ ಐತಲ್ಲ. ರುಚಿ ನೋಡದ ಹೆಚ್ಚಿದ್ಯಾ?"

ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದೆ. ಬಿಸಿಲಿಗೆ ಬಾಯಾರಿದ ಬಳ್ಳಿ ಕಾಯಿಗೆ ಕಹಿ ಇಳಿಸುತ್ತದೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಅಷ್ಟು ದಿನದ ಗೋಣಿತಟ್ಟು, ಬಚ್ಚಲ ನೀರು, ಹೊಟ್ಟೆಕಿಚ್ಚು, ಎಲ್ಲ ಆ ಎಲೆಯ ಅಂಚಿನಲ್ಲಿ ಬಿದ್ದಿತ್ತು. ಬಾಯಿಗೆ ಬಂದದ್ದನ್ನು ಬೈಯಲು ತಿರುಗಿದೆ, ಆದರೆ ಕಸ್ತೂರವ್ವ ತುತ್ತು ಕಲಸುವುದನ್ನು ನಿಲ್ಲಿಸಿ ಸುವ್ವಿಯ ಮುಖವನ್ನೇ ನೋಡುತ್ತಿದ್ದಳು.

"ನಿನಗೂ ಕಹಿ ಹತ್ತಿತೇನವಾ?" ಎಂದಳು ನಿಧಾನಕ್ಕೆ. "ಹಂಗಾರ ನನ್ನ ನಾಲಿಗಿ ಕೆಟ್ಟಿಲ್ಲ."

ನಮಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಅವಳ ಹಿತ್ತಲ ಹೀರೇಕಾಯಿ ಅವಳ ಬಾಯಿಗೆ ಯಾವಾಗಲೂ ಕಹಿಯಾಗಿಯೇ ಹತ್ತುತ್ತಿತ್ತಂತೆ. ಮಕ್ಕಳು ಉಣ್ಣುತ್ತಿದ್ದರು, ಸೊಸೆಯಂದಿರು ಉಣ್ಣುತ್ತಿದ್ದರು, ಚೆನ್ನಾಗಿದೆ ಅತ್ತೀ ಎನ್ನುತ್ತಿದ್ದರು. ಎಲ್ಲರಿಗೂ ಸರಿಯಿದೆ, ತನ್ನ ಬಾಯಿಯೇ ಕೆಟ್ಟಿದೆ ಎಂದುಕೊಂಡು ಬೇಸಿಗೆ ಬೇಸಿಗೆಯೂ ನುಂಗಿದಳಂತೆ. ವೈದ್ಯರ ಬಳಿ ನಾಲಿಗೆ ತೋರಿಸಿಕೊಂಡು ಬಂದದ್ದೂ ಇದೆಯಂತೆ. ಹೇಳುತ್ತ ಹೇಳುತ್ತ ಅವಳು ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ಆದರೆ ದನಿಯಲ್ಲಿ ನಾನು ಎಂದೂ ಕೇಳದ ಒಂದು ಖಾರವಿತ್ತು.

"ನೀವೂ ವರ್ಷಾ ವರ್ಷಾ ನಮ್ಮ ಕಾಯಿ ತಿಂದೀರಿ. ಕಹಿ ಇದ್ದುವೋ ಇಲ್ಲೋ?"

"ಇದ್ದು," ಎಂದೆ. ಸುಳ್ಳು ಹೇಳಲು ನನಗೇನು ಕಾರಣ? "ತೊಟ್ಟಿನ ಕಡೆ ಅರ್ಧ ಕಾಯಿ ಕತ್ತರಿಸಿ ಒಗೀತಿದ್ದೆ."

"ಮತ್ಯಾಕ ಹೇಳಲಿಲ್ಲ?"

"ನಿನ್ನಂಥಾಕಿ ಹಿತ್ತಲದಾಗ ಕಹಿ ಅಂಬೋದು ಒಂದರ ಐತಲ್ಲ ಅಂತ ನನಗ ಅಷ್ಟ ಸಮಾಧಾನಿತ್ತು. ಅದನ್ನೂ ನಿನ್ನ ಕೈಗೆ ಕೊಡ್ಲೇನು?"

ಕಸ್ತೂರವ್ವ ಎಲೆ ಬಿಟ್ಟು ಎದ್ದಳು. ಅಳುತ್ತ ಹೋಗಿಬಿಡುತ್ತಾಳೆ, ಊರಲ್ಲಿ ನನ್ನ ಮಾನ ಹೋಯಿತು ಎಂದುಕೊಂಡೆ. ಅವಳು ಹೋಗಲಿಲ್ಲ. ಎಂಜಲು ಕೈಯನ್ನೇ ನನ್ನ ಮುಖಕ್ಕೆ ತೋರಿಸಿ ಬಾಯಿ ತೆರೆದಳು.

"ನಿಂಬಿ, ನೀ ಮನುಷ್ಯಾಳೇನ? ಇಷ್ಟ್ ವರ್ಷ ತಿಂದು ತೇಗಿ ಇವತ್ತ ಹೇಳ್ತಿ?"

ನಿಂಬಿ ಎಂದಳು, ನೀ ಎಂದಳು. ಬಹುವಚನ ಹೋದದ್ದು ಅವಳಿಗೂ ಕೇಳಿಸಿರಬೇಕು, ಒಂದು ಗಳಿಗೆ ತಡೆದಳು. ಆಮೇಲೆ ಆ ರುಚಿ ಹತ್ತಿತು. ಎಷ್ಟು ವರ್ಷದ ಮಾತೋ, ಒಂದೂ ತಡವರಿಸದೆ ಬಂದವು. ನನ್ನ ಹರಕು ಹಗ್ಗ, ನನ್ನ ಬಚ್ಚಲ ವಾಸನೆ, ಬಾವಿಕಟ್ಟೆಯಲ್ಲಿ ನಾನು ಬೇಕೆಂದೇ ಅವಳ ಕೊಡ ಸರಿಸುತ್ತಿದ್ದದ್ದು, ಒಂದನ್ನೂ ಬಿಡಲಿಲ್ಲ. ನಾನೂ ಬಿಡಲಿಲ್ಲ. ಗೋಡೆಯಾಚೆ ಅವಳ ಸೊಸೆಯಂದಿರು ಬಂದು ಬಾಯಿಗೆ ಸೆರಗು ಒತ್ತಿ ನಿಂತರು. ಸುವ್ವಿ ಮಡಿಲ ಅಕ್ಕಿ ಚೆಲ್ಲಿಹೋಗದಂತೆ ಹಿಡಿದುಕೊಂಡು ನಗುತ್ತ ನಗುತ್ತ, ಪಲ್ಯವನ್ನು ಪಕ್ಕಕ್ಕೆ ಸರಿಸಿ ಹೋಳಿಗೆ ತಿಂದಳು. ನಮ್ಮ ಹಿತ್ತಲದ್ದು ತಿಂದೆನಲ್ಲ, ಬಯಕೆ ತೀರಿತು ಎಂದಳು ಕಡೆಗೆ. ಎರಡನೇ ತುತ್ತು ಮುಟ್ಟಿದ್ದರೆ ನಂಬುತ್ತಿದ್ದೆ.

ಸುವ್ವಿ ಗಂಡನ ಮನೆಗೆ ಹೋದ ವಾರದಲ್ಲೇ ನನ್ನ ಬಳ್ಳಿ ಬುಡದಿಂದ ಒಣಗಿತು. ಯಾಕೆಂದು ಯಾರೂ ಹೇಳಬೇಕಾಗಿರಲಿಲ್ಲ. ಕಸ್ತೂರವ್ವನಿಗೆ ಈಗ ನನ್ನ ಮೇಲೆ ಹೊಟ್ಟೆಕಿಚ್ಚು ಪಡಲು ಏನೂ ಉಳಿದಿಲ್ಲ, ಅವಳಿಗೆ ಬೇಕಾದದ್ದು ಅವಳಿಗೆ ಸಿಕ್ಕಿದೆ. ದಿನಾ ನೀರು ಸೇದುವ ಹೊತ್ತಿಗೆ ಬಾವಿಕಟ್ಟೆಯಲ್ಲಿ ನಮ್ಮದು ಶುರುವಾಗುತ್ತದೆ. ಅವಳು ನನಗಿಂತ ಚೆನ್ನಾಗಿ ಜಗಳವಾಡುತ್ತಾಳೆ. ಉಸಿರು ಕಟ್ಟುವುದಿಲ್ಲ, ಹಳೆಯದನ್ನು ಸರಿಯಾದ ಜಾಗಕ್ಕೆ ತಂದಿಡುತ್ತಾಳೆ, ಕೊನೆಯ ಮಾತು ಯಾವಾಗಲೂ ಅವಳದೇ. ಮೊನ್ನೆ ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ಕೇಳಿ, ನಿಂಬೆವ್ವ ಸೋತಳು ಎಂದರು. ಜೀವಮಾನವಿಡೀ ಬಾಯಿ ಬಡಿದುಕೊಂಡು ಕಲಿತ ವಿದ್ಯೆ ನನ್ನದು, ಆ ಮೆಲುಮಾತಿನವಳು ಒಂದೇ ಬೇಸಿಗೆಯಲ್ಲಿ ನನ್ನನ್ನು ದಾಟಿದಳು. ನನ್ನ ಹೊಟ್ಟೆಯಲ್ಲಿ ಇಂಥ ಉರಿ ಹಿಂದೆಂದೂ ಎದ್ದಿರಲಿಲ್ಲ.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಅವಳ ಹೀರೇಬಳ್ಳಿ ಗೋಡೆ ದಾಟಿ ನನ್ನ ಬಟ್ಟೆಯ ಹಗ್ಗ ಹಿಡಿದು ಈ ತುದಿಯವರೆಗೆ ಬಂದಿದೆ. ಒಂದು ಕಾಯಿ ನನ್ನ ಬಾಗಿಲಿಗೇ ನೇತುಬಿದ್ದಿದೆ. ನಾನು ಅದನ್ನು ನೋಡುತ್ತಿರುವಾಗಲೇ ಆಚೆಯಿಂದ ಕಸ್ತೂರವ್ವ ಕೂಗಿದಳು. "ಏ ನಿಂಬಿ, ತೊಟ್ಟು ಕೊಯ್ದು ರುಚಿ ನೋಡಿ ಹೇಳು. ಈ ಸಲ ಖರೇ ಹೇಳ್ಬೇಕು."

ಒಳಗಿನಿಂದ ಈಳಿಗೆ ತಂದು ಕಾಯಿ ಕೊಯ್ದೆ. ತೊಟ್ಟಿನ ಕಡೆಯ ಚೂರು ಬಾಯಿಗಿಟ್ಟುಕೊಂಡೆ. ಸಿಹಿಯಾಗಿತ್ತು, ಎಳೆನೀರಿನಷ್ಟು ಸಿಹಿ. ಗೋಡೆಯಾಚೆ ಅವಳು ಕಾಯುತ್ತಿದ್ದಳು.

"ಕಹಿ ಐತಿ," ಎಂದೆ.

ಕಸ್ತೂರವ್ವ ಕೊಡ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಡೆಯ ಹತ್ತಿರಕ್ಕೆ ಬಂದಳು.